ಬಸ್ ಗಂಟಲು

“ನಿನ್ನ ಸ್ಕೂಲಲ್ಲಿ ಇನ್ಯಾವತ್ತೂ ಕೂಗಲ್ಲ, ಗುಬ್ಬಿ” ಎಂದು ಬಸ್ ಕಂಡಕ್ಟರ್ ಅಮ್ಮ ಮಾತು ಕೊಟ್ಟಾಗ ಮಗಳು ಒಂದನೇ ಕ್ಲಾಸು. ಗೇಟಿನಲ್ಲಿ ನಿಂತು ‘ಗುಬ್ಬೀ’ ಎಂದು ಕೂಗಿದ ಅಮ್ಮನ ಬಸ್ ಗಂಟಲು ಕೇಳಿ ಗೆಳತಿಯರು ನಕ್ಕಿದ್ದರು.

ಈಗ ಹೈಸ್ಕೂಲಿನ ಸಂಗೀತ ನಾಟಕದಲ್ಲಿ ರಾಣಿಯಾಗಿ ಹಾಡುತ್ತಿದ್ದ ಅದೇ ಮಗಳ ಮೈಕ್ ಕೆಟ್ಟುನಿಂತಿತು. “ಮಹಾರಾಣಿ, ಕೇಳ್ತಿಲ್ಲಾ!” ಎಂದು ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. ಯೂನಿಫಾರ್ಮಿನಲ್ಲೇ ಓಡಿಬಂದ ಅಮ್ಮ ಬಾಗಿಲ ಬಳಿ ನಿಂತಿದ್ದಳು.

ಮಗಳು ಮೈಕ್ ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು ಗದ್ದ ಎತ್ತಿದಳು. ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂಗುವ ಮುನ್ನ ಅಮ್ಮ ಎತ್ತುವುದೂ ಹಾಗೆಯೇ. ಹಾಡು ಹಿಂದಿನ ಸಾಲಿನವರನ್ನೂ ದಾಟಿ ಬಾಗಿಲಿಗೆ ಬಂದು ಮುಟ್ಟಿತು. ಶಿಳ್ಳೆ ಹಾಕಿದವರೇ ಮೊದಲು ಎದ್ದು ನಿಂತರು. ಆಮೇಲೆ ಇಡೀ ಶಾಲೆ.

“ಯಾರ ಮಗಳ್ರೀ ಅದು?” ಎಂದರು ಪಕ್ಕದವರು.

ಗುಬ್ಬೀ ಎಂದು ಕೂಗಲು ಅಮ್ಮ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕೊಟ್ಟ ಮಾತು ಉಳಿಯಿತು.