ಶೂ ಒಳಗಿನ ಎರಡು ಬೆರಳು

“ನೀನೇನು ಅಪ್ಪಾನಾ, ಇಲ್ಲಾ ಈ ಮಗು ಮೇಲೆ ಹಗೆ ಸಾಧಿಸ್ತಿದ್ದೀಯಾ?” ಜಾತ್ರೆಯಲ್ಲಿ ತೂಗುವ ಹಡಗಿನ ಆಟ ನಡೆಸುವವನು ಪುಟ್ಟ ಶೂ ಒಂದನ್ನು ಎತ್ತಿ ಹಿಡಿದು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಚಪ್ಪಲಿ ಹೊಲಿಯುವ ಅಪ್ಪನ ಕಿವಿ ಬಿಸಿಯಾಯಿತು. ಕಳೆದ ಸಲ ಇಲ್ಲೇ, ಎತ್ತರ ಅಳೆಯುವ ಕೋಲಿನ ಕೆಂಪು ಗೆರೆಗೆ ಎರಡು ಬೆರಳು ಸಾಲದೆ, ಹಡಗು ಹತ್ತಲು ಬಿಡದಿದ್ದಕ್ಕೆ ಮಗಳು ದಾರಿಯುದ್ದಕ್ಕೂ ಅತ್ತಿದ್ದಳು. ಅದಕ್ಕೇ ಶೂ ಒಳಗೆ ಅಟ್ಟೆಯ ಮೇಲೆ ಅಟ್ಟೆ ಇಟ್ಟು, ದಾರ ಕಾಣದಂತೆ ಹೊಲಿದಿದ್ದ. ಗುಟ್ಟು ಹೊರಬಿದ್ದದ್ದು ಅವಳ ಬಾಯಿಂದಲೇ: “ಅಂಕಲ್, ನಾನೀಗ ದೊಡ್ಡೋಳು! ನಮ್ಮಪ್ಪ ಶೂ ಒಳಗೆ ಉದ್ದ ಇಟ್ಟಿದ್ದಾರೆ!”

“ಎರಡು ಬೆರಳಿಗೆ ಏನು ಆಕಾಶ ಕಳಚಿ ಬೀಳುತ್ತೇನಯ್ಯಾ?” ಅಪ್ಪ ತೋಳೇರಿಸಿದ. ಆಟದವನು ವಾದಕ್ಕೆ ನಿಲ್ಲಲಿಲ್ಲ. ನಿಂತಿದ್ದ ಹಡಗಿನಲ್ಲಿ ಮಗುವನ್ನು ಕೂರಿಸಿ, ಅಡ್ಡಕಂಬಿಯನ್ನು ಎಳೆದು ಬಿಗಿದ. ಕಂಬಿ ಅವಳ ಹೊಟ್ಟೆಗೆ ತಾಗಲೇ ಇಲ್ಲ. ಅವಳು ಕಿಲಕಿಲ ನಗುತ್ತಾ, ಒದ್ದೆ ಸೋಪು ಕೈಯಿಂದ ಜಾರಿದ ಹಾಗೆ, ಅದರ ಕೆಳಗಿಂದ ನುಸುಳಿ ಹೊರಗೆ ಬಂದಳು. “ಅಪ್ಪಾ, ನೋಡಿದ್ರಾ? ಹೊರಗೇ ಬಂದ್ಬಿಟ್ಟೆ!”

ಏರಿಸಿದ ತೋಳು ತಾನಾಗಿ ಇಳಿಯಿತು. ಅಷ್ಟು ಅಚ್ಚುಕಟ್ಟಾಗಿ ಹೊಲಿದ ತನ್ನ ಕೈಗಳನ್ನು ನೋಡಲು ಅಪ್ಪನಿಗೆ ಆಗಲಿಲ್ಲ. “ಈಗ ಮಾತಾಡಯ್ಯಾ!” ಎಂದ ಆಟದವನು. ಅಪ್ಪ ಮಗಳನ್ನು ಎದೆಗೆ ಅವಚಿಕೊಂಡು, ಅವಳ ಬರಿಗಾಲನ್ನು ಅಂಗೈಯಲ್ಲಿ ಮುಚ್ಚಿ, ತಲೆ ಎತ್ತದೆ ಸಾಲಿನ ನಡುವೆ ದಾರಿ ಮಾಡಿಕೊಂಡು ನಡೆದುಬಿಟ್ಟ.