ಹಳದಿ ಗೆರೆ

“ಆ ದೊಡ್ಡ ನಟ್ ಬಿಗಿ ಮಾಡೋಕೆ ನಿನ್ನ ಕೈಲಿ ಹೆಂಗಾಯ್ತು ಭಾವ?” ಮಡಿಚುವ ಕುರ್ಚಿಗಳನ್ನು ಟ್ರಕ್ಕಿನ ಹಿಂಬದಿಗೆ ಎಸೆಯುತ್ತ ಕ್ಲೀಟ್ ಕೇಳಿದ. “ಕಾಫಿ ಲೋಟ ಹಿಡಿದ್ರೇ ಅರ್ಧ ಚೆಲ್ತೀಯ.”

ಆರ್ವಿಲ್ ನಕ್ಕ. “ನಾನೆಲ್ಲಿ ಮಾಡ್ದೆ? ನೀನು ಮಾಡ್ತೀಯ ಅಂತ ತಾನೇ ಬಿಟ್ಟಿದ್ದು.”

“ನಾನು ಮುಟ್ಟೇ ಇಲ್ಲ. ಅದರ ಮೇಲೆ ಹಳದಿ ಗೆರೆ ಇತ್ತಲ್ಲ.”

ಆರ್ವಿಲ್‌ನ ನಗು ನಿಂತಿತು. ವಾರವಿಡೀ ಭಾವ ಮೈದುನ ಸೇರಿ ಅರವತ್ತೇಳನೇ ಇಸವಿಯ ಡಾರ್ಟ್ ಕಾರಿನ ಸೋರುವ ಪವರ್ ಸ್ಟೀರಿಂಗ್ ಕಿತ್ತು, ಬರೀ ತೋಳ್ಬಲದಿಂದ ತಿರುಗುವ ಹಳೇ ಸ್ಟೀರಿಂಗ್ ಬಾಕ್ಸ್ ಕೂರಿಸಿದ್ದರು. ಆ ಬಾಕ್ಸಿನಿಂದ ಇಳಿಯುವ ಉಕ್ಕಿನ ತೋಳೇ ಮುಂದಿನ ಎರಡು ಚಕ್ರಗಳನ್ನೂ ತಿರುಗಿಸುವುದು. ಆ ತೋಳು ಕಳಚದಂತೆ ಹಿಡಿದಿಡುವುದು ಒಂದೇ ಒಂದು ನಟ್. ಆರ್ವಿಲ್‌ನ ಶೆಡ್ಡಿನಲ್ಲಿ ಅವನಪ್ಪನ ಕಾಲದಿಂದಲೂ ಒಂದು ಕಟ್ಟಳೆ. ಬಿಗಿ ಮಾಡಿದವನೇ ನಟ್ಟಿನ ಮೇಲೆ ಹಳದಿ ಬಣ್ಣದ ಗೆರೆ ಎಳೆಯಬೇಕು. ಗೆರೆ ಬಿದ್ದ ಮೇಲೂ ಇನ್ನೊಬ್ಬ ಅದಕ್ಕೆ ಸ್ಪ್ಯಾನರ್ ಹಾಕಿದರೆ, ಮೊದಲಿನವನ ಮುಖಕ್ಕೆ ಉಗಿದ ಹಾಗೆ. ಗುರುವಾರ ಕಾರಿನಡಿ ಮಲಗಿದ್ದ ಆರ್ವಿಲ್ ಆ ನಟ್ಟನ್ನು ಬೆರಳಲ್ಲಿ ತಿರುಗಿಸಿ ನಿಲ್ಲಿಸಿದ್ದನಷ್ಟೆ. ಬ್ರಷ್ಷು ಕೈಯಲ್ಲೇ ಇತ್ತು. ಈ ನೋಯುವ ಸೊಂಟ ಹೊತ್ತುಕೊಂಡು ಇನ್ನೊಮ್ಮೆ ಯಾರು ತೂರುತ್ತಾರೆ ಎಂದು ಅದಕ್ಕೂ ಒಂದು ಗೆರೆ ಎಳೆದುಬಿಟ್ಟಿದ್ದ. ಆಮೇಲೆ ಬಿಗಿ ಮಾಡು ಎಂದು ಕ್ಲೀಟ್‌ಗೆ ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಊಟಕ್ಕೆ ಕರೆದರು.

ಕಾರು ಈಗಷ್ಟೇ ಗೇಟು ದಾಟಿತ್ತು. ಕೆಳಗಿನ ಊರಿನ ಶನಿವಾರದ ಹಳೇ ಕಾರುಗಳ ಕೂಟಕ್ಕೆ ಅದನ್ನು ಓಡಿಸಿಕೊಂಡು ಹೋದವಳು ಅವನ ಒಬ್ಬಳೇ ಮಗಳು ಮಾರ್ಲಾ. ಕ್ಲೀಟ್ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡವೆಂದು ಅವಳಿಗೆ ಬೈದು ಬೈದು ಕಲಿಸಿದ್ದವನು ಸ್ವತಃ ಆರ್ವಿಲ್.

ಇಬ್ಬರೂ ಟ್ರಕ್ಕು ಹತ್ತಿದರು. ಘಟ್ಟದ ರಸ್ತೆ, ಎಡಕ್ಕೆ ಕಣಿವೆ, ತಡೆಗೋಡೆಯೂ ಇಲ್ಲ. ಮೂರನೇ ತಿರುವಿನಲ್ಲಿ ನೀಲಿ ಡಾರ್ಟ್ ಕಂಡಿತು. ಕ್ಲೀಟ್ ಹಾರ್ನ್ ಒತ್ತಿ ಹಿಡಿದ, ದೀಪ ಮಿನುಗಿಸಿದ. ಮುಂದಿನಿಂದ ಎರಡು ಸಲ ಹಾರ್ನಿನ ಉತ್ತರ ಬಂತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು, ಕಾರು ಜೋರಾಗಿ ಮುಂದೆ ನುಗ್ಗಿತು.

“ಏನ್ ಮಾಡ್ತಿದಾಳೆ ಇವಳು?”

“ರೇಸು ಅನ್ಕೊಂಡಿದಾಳೆ,” ಎಂದ ಆರ್ವಿಲ್. ಅವಳು ಗಾಡಿ ಕಲಿತ ವರ್ಷದಿಂದ ಅಪ್ಪ ಮಗಳು ಇದೇ ರಸ್ತೆಯಲ್ಲಿ ಹೀಗೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿದ್ದುಂಟು. ನಾವು ಬೆನ್ನು ಹತ್ತಿದಷ್ಟೂ ಅವಳು ಓಡುತ್ತಾಳೆ ಎಂದು ಅವನಿಗೆ ಹೊಳೆಯಿತು. “ನಿಲ್ಸು ಕ್ಲೀಟ್.”

“ತಲೆ ಕೆಟ್ಟಿದ್ಯಾ ಭಾವ?”

“ನಿಲ್ಸು ಅಂದೆ. ಕನ್ನಡೀಲಿ ನಾವು ಕಾಣ್ದೆ ಹೋದ್ರೆ ತಾನಾಗೇ ನಿಲ್ತಾಳೆ.”

ಟ್ರಕ್ಕು ಬದಿಗೆ ನಿಂತಿತು. ಡಾರ್ಟ್ ತಿರುವಿನಲ್ಲಿ ಮರೆಯಾಯಿತು. ಆರ್ವಿಲ್ ಕೆಳಗಿಳಿದು ಕಿವಿಗೊಟ್ಟು ನಿಂತ. ಅವನಿಗೆ ಭಯವಾಗಿತ್ತು, ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ ರಾತ್ರಿಯೂ ಆಗದಷ್ಟು ಭಯ. ಎಂಜಿನ್ನಿನ ಸದ್ದು ದೂರವಾಗುತ್ತ ಹೋಯಿತು. ಆಮೇಲೆ ಬರಬಾರದ ಸದ್ದೊಂದು ಬಂದುಬಿಟ್ಟರೆ ಎಂದು ಉಸಿರು ಬಿಗಿಹಿಡಿದ. ಬರಲಿಲ್ಲ. ಎಂಜಿನ್ನು ಮೆಲ್ಲಗಾಗಿ, ಒಂದೇ ಕಡೆ ಗುರುಗುಟ್ಟತೊಡಗಿತು.

“ನಿಂತ್ಲು,” ಎಂದ ಕ್ಲೀಟ್. “ನಿಂತ್ಲು ಭಾವ, ನೀನು ಗೆದ್ದೆ.”

ಆರ್ವಿಲ್ ಅಳುತ್ತಿದ್ದ, ನಗುತ್ತಲೂ ಇದ್ದ. ಸೊಂಟದ ನೋವನ್ನು ಮರೆತು ತಿರುವಿನ ತನಕ ಓಡಿದ. ಡಾರ್ಟ್ ರಸ್ತೆಯ ಬಲಕ್ಕೆ, ಬೆಟ್ಟದ ಬದಿಯಲ್ಲಿ ನಿಂತಿತ್ತು. ಮಾರ್ಲಾ ಕತ್ತು ಹೊರಹಾಕಿ ಹಿಂದೆ ನೋಡಿದಳು. ಅಪ್ಪ ಒಬ್ಬನೇ ಓಡಿಬರುತ್ತಿರುವುದು ಕಂಡು ಅವಳಿಗೂ ಗಾಬರಿಯಾಗಿರಬೇಕು. ತಲೆ ಒಳಗೆಳೆದುಕೊಂಡಳು. ಕಾರು ರಸ್ತೆಗೆ ಅಡ್ಡ ಹೊರಳಿತು, ಅವನ ಕಡೆಗೆ ವಾಪಸು ಬರಲು.

ನಿಂತ ಗಾಡಿಯನ್ನು ಪೂರಾ ತಿರುಗಿಸುವಾಗಲೇ ಆ ತೋಳಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಭಾರ ಬೀಳುವುದು. ಅದು ಆರ್ವಿಲ್‌ಗೆ ಗೊತ್ತಿತ್ತು. “ತಿರುಗಿಸ್ಬೇಡ! ಅಲ್ಲೇ ಇರು!” ಎಂದು ಎರಡೂ ಕೈ ಎತ್ತಿ ಬೀಸಿದ. ದೂರದಿಂದ ಅದು ಬೇಗ ಬಾ ಎಂದಂತೆಯೇ ಕಂಡಿತೇನೋ. ಕಾರು ರಸ್ತೆಯ ನಡುವಿಗೆ ಬಂತು, ನಡುವನ್ನೂ ದಾಟಿತು. ಕೆಳಗಿನಿಂದ ಟಣ್ ಎಂದು ಏನೋ ಡಾಂಬರಿಗೆ ಬಿತ್ತು.

ಬ್ರೇಕು ಹಿಡಿಯಿತು. ಕಣಿವೆಯ ಅಂಚಿನ ಹುಲ್ಲಿನ ಮೇಲೆ ಮೂತಿಯಿಟ್ಟು ಕಾರು ನಿಂತಿತು. ಆರ್ವಿಲ್ ಏದುಸಿರು ಬಿಡುತ್ತ ಕಿಟಕಿಗೆ ಬಂದು, ಮಗಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಅವನತ್ತ ನೋಡಲಿಲ್ಲ. ಮುಂದಿನ ಚಕ್ರಗಳು ನೇರವಾಗಿ ಕಣಿವೆಗೇ ಮುಖ ಮಾಡಿದ್ದವು. ಅವಳ ಕೈಗಳು ಮಾತ್ರ ಸ್ಟೀರಿಂಗನ್ನು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸುತ್ತಲೇ ಇದ್ದವು.

“ತಿರುಗಿಸ್ತಾನೇ ಇದೀನಪ್ಪ,” ಎಂದಳು ಮೆಲ್ಲಗೆ. “ನಾನು ತಿರುಗಿಸ್ತಾನೇ ಇದೀನಿ.”