ಎಸರು ಕುದಿಯುವ ತನಕ

"ಇದ್ರಲ್ಲಿ ಒಂದ್ ಮಾತು ಸುಳ್ಳಾದ್ರೂ ನನ್ ನಾಲ್ಗೆ ಬಿದ್ದೋಗ್ಲಿ ಕಣವ್ವ, ಮನೆದೇವ್ರಾಣೆ," ಎನ್ನುತ್ತ ಬೋರಲಿಂಗಯ್ಯ ಹುಣಸೆಮರದ ಕೆಳಗಿನ ಬೆಂಚನ್ನು ಹೆಗಲ ಟವೆಲ್ಲಿನಿಂದ ಒರೆಸಿದ. "ಕೂತ್ಕಳಿ, ಹೇಳ್ತೀನಿ. ಊಟ ಇನ್ನೇನು ಆಗೇಬುಡ್ತು."

ಊಟ ಆಗಿರಲಿಲ್ಲ. ಸಾರೊಂದು ಬಿಟ್ಟರೆ ಒಲೆಯ ಮೇಲೆ ಎಸರಿನ ನೀರಿತ್ತು, ಅಷ್ಟೇ. ಗಿರಾಕಿ ಬಂದು ಕೂರುವ ತನಕ ಅವನ ಹೆಂಡತಿ ಕೆಂಚಮ್ಮ ಎಸರಿಗೆ ರಾಗಿಹಿಟ್ಟು ಹಾಕುತ್ತಿರಲಿಲ್ಲ. ಆರಿದ ಮುದ್ದೆ ಬಡಿಸುವುದೂ ನೆಂಟರ ಮುಖಕ್ಕೆ ಬಾಗಿಲು ಹಾಕುವುದೂ ಅವಳಿಗೆ ಒಂದೇ. ಎದುರಿನ ದ್ರಾಕ್ಷಿತೋಟ, ಅದರೊಳಗಿನ ವೈನ್ ಫ್ಯಾಕ್ಟರಿ ನೋಡಲು ಬಂದವರು ಅಲ್ಲಿನ ಊಟದ ರೇಟಿಗೆ ಬೆಚ್ಚಿ ರಸ್ತೆ ದಾಟುತ್ತಿದ್ದರು. ಇಲ್ಲಿ ಮುದ್ದೆ ಬೇಯುವಷ್ಟು ಹೊತ್ತು ತಾಳದೆ, ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬಿಸ್ಕತ್ತು ತಗೊಂಡು ಹೊರಟುಬಿಡುತ್ತಿದ್ದರು. ಊಟದ ಅಂಗಡಿ ಇಟ್ಟಾಗಿನಿಂದ ಇದೇ ಪಾಡು. ಅವತ್ತು ಬೆಳಿಗ್ಗೆ ಕೆಂಚಮ್ಮ, ಮೊದಲು ತಾನು ದುಡಿಯುತ್ತಿದ್ದ ಹಾರೋಹಳ್ಳಿ ಫ್ಯಾಕ್ಟರಿಯ ಹಳೇ ನೀಲಿ ಕೋಟನ್ನು ಒಗೆದು ಹಗ್ಗದ ಮೇಲೆ ಹರವಿದ್ದಳು. "ಇವತ್ತೂ ಒಂದೆಲೆ ಹಾಕ್ನಿಲ್ಲ ಅಂದ್ರೆ ನಾಳಿಕೆ ನಾನು ವ್ಯಾನ್ ಹತ್ತೋದೇಯ," ಎಂದಿದ್ದಳು. ಆ ವ್ಯಾನು ಅವಳನ್ನು ಕತ್ತಲಲ್ಲಿ ಕರೆದೊಯ್ದು ಕತ್ತಲಲ್ಲಿ ತಂದು ಬಿಡುತ್ತಿತ್ತು. ಅವಳು ದುಡಿಯುತ್ತಿದ್ದ ಅಷ್ಟೂ ವರ್ಷ ಬೋರಲಿಂಗಯ್ಯ ಹೆಂಡತಿಯ ಮುಖವನ್ನು ಬಿಸಿಲಲ್ಲಿ ನೋಡಿದ್ದು ಭಾನುವಾರ ಮಾತ್ರ.

ಈಗ ಬಂದಿದ್ದವರು ಇಬ್ಬರು ಹುಡುಗಿಯರು, ನಯನಾ ಮತ್ತು ಮಹ್ವಿಶ್. ಬೆಂಗಳೂರಿನ ಒಂದೇ ಆಫೀಸಿನವರು. ಆಫೀಸಿನ ಬಸ್ಸಲ್ಲಿ ಎಲ್ಲರ ಜೊತೆ ಫ್ಯಾಕ್ಟರಿ ನೋಡಲು ಬಂದು, ಊಟದ ಹೊತ್ತಿಗೆ ಮೆಲ್ಲಗೆ ತಪ್ಪಿಸಿಕೊಂಡಿದ್ದರು.

"ಒಳಗಡೆ ರೇಟ್ ಕೇಳೇ ನಂಗೆ ಹೊಟ್ಟೆ ತುಂಬೋಯ್ತು ಅಂಕಲ್," ಎಂದು ನಯನಾ ಕೂತಳು. ಮಹ್ವಿಶ್ ಕೂರಲಿಲ್ಲ. "ಇನ್ನೊಂದ್ ಸ್ವಲ್ಪ ಹೊತ್ತಿಗೆ ನಮ್ ಬಸ್ ಹೊರಡುತ್ತೆ. ನಿಜ ಹೇಳಿ, ಲೇಟಾಗುತ್ತಾ?"

"ನಿಜಾನೇ ಹೇಳ್ತಿರೋದು. ಅಗೋ, ಆ ಕೆರೆ ಕಾಣ್ತೈತಲ್ಲ? ಹೋದ್ ಬ್ಯಾಸ್ಗೇಲಿ ಫ್ಯಾಕ್ಟ್ರಿ ದೊಡ್ ಟ್ಯಾಂಕು ಬಾಯಿ ಬುಟ್ಕತ್ತು. ವೈನೆಲ್ಲ ಕಾಲ್ವೇಲಿ ಹರ್ದು ಕೆರೆಗೆ ಬಂದ್ಬುಡ್ತು. ಮೊದ್ಲು ಕುಡಿದಿದ್ದು ನಮ್ಮೆಮ್ಮೆ."

"ಎಮ್ಮೆ ವೈನ್ ಕುಡೀತಾ?" ಎಂದಳು ಮಹ್ವಿಶ್.

"ಕುಡಿದ್ರೆ ಪರ್ವಾಗಿಲ್ಲ. ನಂಚ್ಕೊಳ್ಳಕ್ಕೆ ಏನೈತೆ ಅಂತ ನನ್ ಮಕ ನೋಡ್ತು."

ಮಹ್ವಿಶ್ ಬೆಂಚಿನ ತುದಿಯಲ್ಲಿ ಕೂತಳು. ಒಳಗೆ ಎಸರಿಗೆ ಹಿಟ್ಟು ಬಿದ್ದ ಘಮ ಬಂತು. ಇನ್ನು ಬೇಯಬೇಕು, ತಿರುವಬೇಕು, ಕಟ್ಟಬೇಕು. ಬೋರಲಿಂಗಯ್ಯ ದನಿ ಇಳಿಸಿದ.

"ಕಪ್ಪೆಗಳು ವಟಗುಟ್ಟೋದ್ ಬುಟ್ಟು ಆಕಳಿಸ್ತಾವೆ. ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತ್ಕಂಡು, ಇನ್ನೊಂದ್ ಕಾಲು ಎಲ್ಲಿಟ್ಟೆ ಅಂತ ಒಂದನ್ನೊಂದು ಕೇಳ್ತಾವೆ. ಊರಿಗೆ ಊರೇ ಮನಿಕ್ಕತ್ತು. ಅಲ್ಲಿ ಸಾವನದುರ್ಗದ ಬೆಟ್ಟ ಐತಲ್ಲ, ಅದಕ್ಕೂ ಘಾಟು ಹತ್ತಿ ಹಿಂಗೆ ಒಸಿ ವಾಲ್ತು. ಒಂದ್ ಮೋಡ ಎಳ್ಕಂಡು ದಿಂಬು ಮಾಡ್ಕತ್ತು. ಅದರ ಗೊರಕೇಗೆ ತೋಟದ ಬಳ್ಳಿಯೆಲ್ಲ ಒಂದ್ಸಲ ಆ ಕಡೀಕೆ, ಒಂದ್ಸಲ ಈ ಕಡೀಕೆ."

ಗಾಳಿ ಬೀಸಿತು. ರಸ್ತೆಯಾಚೆ ದ್ರಾಕ್ಷಿಬಳ್ಳಿಗಳು ಒಮ್ಮೆ ಆ ಕಡೆ ವಾಲಿ, ಒಮ್ಮೆ ಈ ಕಡೆ ವಾಲಿದವು. ದೂರದಲ್ಲಿ ಬಿಸಿಲಿಗೆ ಅರ್ಧ ಕರಗಿದ್ದ ಬೆಟ್ಟ ನಿಜಕ್ಕೂ ಒಂದು ಪಕ್ಕಕ್ಕೆ ಒರಗಿದ ಹಾಗಿತ್ತು. ಕೆರೆಯ ನೀರು ನೇರಳೆಯೇ ಇರಬೇಕು ಅನ್ನಿಸಿತು ನಯನಾಗೆ. ಮಹ್ವಿಶ್ ಫೋನನ್ನು ಬ್ಯಾಗಿನೊಳಗೆ ಹಾಕಿದಳು. ಅವಳ ದುಪಟ್ಟಾದ ಮೇಲೆ ಹುಣಸೆ ಎಲೆಗಳು ಒಂದೊಂದೇ ಬಂದು ಕೂತವು. ಅವಳು ಒದರಲಿಲ್ಲ.

"ಎಲೆ ಹಾಕಿವ್ನಿ, ಬನ್ರವ್ವ!" ಕೆಂಚಮ್ಮ ಒಳಗಿನಿಂದ ಕೂಗಿದಳು. ಯಾರೂ ಏಳಲಿಲ್ಲ. ಬೋರಲಿಂಗಯ್ಯ ಒಳಗೊಮ್ಮೆ, ಹುಡುಗಿಯರ ಕಡೆಗೊಮ್ಮೆ ನೋಡಿದ. ಕತೆ ಇವರನ್ನು ಇಷ್ಟು ಗಟ್ಟಿಯಾಗಿ ಕೂರಿಸೀತೆಂದು ಅವನೂ ಅಂದುಕೊಂಡಿರಲಿಲ್ಲ.

"ಬಂದ್ವಿ ಆಂಟಿ, ಬೆಟ್ಟ ಎದ್ದೇಳ್ಲಿ ಇರಿ," ಎಂದಳು ನಯನಾ.

ಕೆಂಚಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಬೆಟ್ಟ ಎಲ್ಲಿಗೂ ಹೋಗಕ್ಕಿಲ್ಲ, ಮುದ್ದೆ ಆರೋಯ್ತದೆ. ಏಳ್ರವ್ವ ಮೇಲಕ್ಕೆ!"

ಎದ್ದರು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. "ಅಗೀಬೇಡ ಕಣೇ, ನುಂಗು," ಎಂದು ನಯನಾ ಹೇಳಿಕೊಟ್ಟಳು. ಮಹ್ವಿಶ್ ಕಣ್ಣು ಮುಚ್ಚಿ ನುಂಗಿದಳು, ಕಣ್ಣು ಬಿಟ್ಟು ಇನ್ನೊಂದು ಮುದ್ದೆ ಕೇಳಿದಳು. ಬಸ್ಸು ಹಾರನ್ ಹೊಡೆದಾಗ ಕೈ ತೊಳೆದು, ದುಡ್ಡು ಕೊಟ್ಟು, ಇಬ್ಬರೂ ಓಡಿದರು. "ಅಂಕಲ್, ಬೆಟ್ಟದ್ದು ಬಾಕಿ!" ರಸ್ತೆಯ ನಡುವಿನಿಂದ ಮಹ್ವಿಶ್ ಕೂಗಿದಳು.

ಕೆಂಚಮ್ಮ ಎಲೆ ಎತ್ತಿ ಬಂದು, ಹುಡುಗಿಯರು ಕೂತಿದ್ದ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನದ ಬಿಸಿಲು ಮರದ ಸಂದಿಯಿಂದ ಅವಳ ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು. ರಸ್ತೆಯ ಕಡೆಗೇ ನೋಡುತ್ತ ಕೇಳಿದಳು, "ಆಮ್ಯಾಕೆ ಆ ಬೆಟ್ಟ ಏನಾಯ್ತು?"

ಬೋರಲಿಂಗಯ್ಯನಿಗೂ ಗೊತ್ತಿರಲಿಲ್ಲ. ಹೆಂಡತಿ ಅವನ ಕತೆ ಕೇಳಿದ್ದು ಇದೇ ಮೊದಲು. ರಸ್ತೆಗೆ ಬೆನ್ನು ಹಾಕಿ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಮನೆದೇವ್ರಾಣೆ ಕೆಂಚೀ, ಬೆಟ್ಟ ಮೆಲ್ಲಕೆ ಒಂದ್ ಕಣ್ಣು ಬುಟ್ಟು ನೋಡ್ತು. ಊರಲ್ಲಿ ಎಲ್ಲಾ ಮನಗವ್ರೆ, ನೀನೊಬ್ಳು ಒಲೆ ಮುಂದೆ ಎದ್ದಿದ್ದೀಯ. ಆಗ ಅದು ನಿನ್ನ ಏನಂತ ಕೇಳ್ತು ಅಂದ್ರೆ, ಅವ್ವಾ, ನೀ ಯಾಕೆ..."

ಕೆಂಚಮ್ಮ ಎದ್ದು ಹೋದಳು. ರಸ್ತೆಯಾಚೆ, ಹೊರಡಬೇಕಿದ್ದ ಬಸ್ಸು ನಿಂತೇ ಇತ್ತು. ಮಹ್ವಿಶ್ ಇತ್ತ ಕೈ ತೋರಿಸುತ್ತಿದ್ದಳು, ಏಳೆಂಟು ಜನ ಇಳಿದು ರಸ್ತೆ ದಾಟುತ್ತಿದ್ದರು. ಹಗ್ಗದ ಮೇಲಿನ ನೀಲಿ ಕೋಟನ್ನು ಎಳೆದು, ಮಡಚಿ, ಅದರಲ್ಲೇ ಸಾರಿನ ಬಿಸಿ ಪಾತ್ರೆ ಹಿಡಿದು, ಮತ್ತೆ ಎಸರಿಡಲು ಅವಳು ಒಲೆಯಿಂದ ಕೆಳಗಿಳಿಸಿದಳು. ಕೋಟಿನ ಜೇಬಿಗೆ ಮಸಿ ಹತ್ತಿತು.